ರಾಮಲಕ್ಷ್ಮಮ್ಮ ಮಾತು ನಿಲ್ಲಿಸಿದ ದಿನಗಳು

ಬೆಳಕು ಹರಿಯುವ ಮುಂಚೆಯೇ ಇಂದಿರಾನಗರದ ಫ್ಲ್ಯಾಟೊಂದರ ಬಚ್ಚಲಲ್ಲಿ ರಾಮಲಕ್ಷ್ಮಮ್ಮ ಮಣೆ ಹಾಕಿ, ಕಾಲು ನೀಡಿ ಕೂತಿದ್ದಾರೆ. ಹರಳೆಣ್ಣೆ ತಿಕ್ಕಿಸಿಕೊಂಡ ನಾಲ್ಕು ತಿಂಗಳ ಶಿಶಿರ್ ಆ ಕಾಲುಗಳ ಮೇಲೆ ಬೋರಲು ಮಲಗಿದ್ದಾನೆ. ಬಿಸಿನೀರು ಬೆನ್ನಿಗೆ ಬೀಳುತ್ತಲೇ ಸೂರು ಕಿತ್ತುಹೋಗುವಂತೆ ಅರಚುತ್ತಾನೆ. "ಆಯ್ತು ನನ್ನಪ್ಪಾ, ಆಯ್ತು. ನೀರು ಹೊಡೀತಾ? ಅದಕ್ಕೆ ಎರಡೇಟು ಹಾಕಣ ಬುಡು," ಎಂದು ಅಜ್ಜಿ ನೀರಿಗೇ ಗದರುತ್ತಾರೆ. ಅಳು ತಗ್ಗುತ್ತದೆ.

ಅರವತ್ತು ದಾಟಿದ ಈಕೆ ಮಹದೇವಪುರದವರು. ಎಳೆಗೂಸಿಗೆ ನೀರು ಹಾಕುವುದನ್ನು ಕಲಿಸಿದ್ದು ಅತ್ತೆ. ಗಂಡ ತೀರಿಕೊಂಡ ಮೇಲೆ ಅದೇ ಅನ್ನದ ದಾರಿಯಾಯಿತು. ಮೊದಲ ಬಸ್ಸಿಗೆ ಹೊರಟರೆ ಇಂದಿರಾನಗರ, ಹಲಸೂರು, ಕಾಕ್ಸ್‌ಟೌನ್ ಸೇರಿ ದಿನಕ್ಕೆ ಐದು ಮನೆ. ಮಂಡಿನೋವು ಖಾಯಂ ನೆಂಟ. ತಮಿಳರ ಮನೆಯಲ್ಲಿ ತಮಿಳು, ಸಾಬರ ಮನೆಯಲ್ಲಿ ಹರಕುಮುರುಕು ಉರ್ದು. "ಯಾವ ಮನೆ ಮಗೀನೋ ಆ ಮನೆ ಮಾತು" ಎನ್ನುವುದು ಅವರ ಕಟ್ಟಳೆ.

ಇಷ್ಟು ಮಾತಿನ ಬಾಯಿ ಎರಡು ತಿಂಗಳ ಹಿಂದೆ ಕಟ್ಟಿಹೋಗಿತ್ತು. ಶಿಶಿರನ ಅಕ್ಕ ತನ್ಮಯಿ ಕೂಡ ಇವರ ಕಾಲ ಮೇಲೆ ಮಿಂದು ಬೆಳೆದವಳೇ. ಅವಳು ಶಾಲೆಯ ಸಂದರ್ಶನಕ್ಕೆ ಹೋದಾಗ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಟ್ಟು ಬಂದಳು. ಸೀಟು ಸಿಗಲಿಲ್ಲ. ತಾಯಿ ಪ್ರಿಯಂವದಾ ಮರುದಿನವೇ, "ಅಮ್ಮಾ, ಇವನ ಹತ್ರ ಕನ್ನಡ ಬೇಡ. ಸುಮ್ನೆ ನೀರು ಹಾಕಿ ಸಾಕು," ಎಂದುಬಿಟ್ಟರು.

ಅವರನ್ನು ದೂರಿ ಪ್ರಯೋಜನವಿಲ್ಲ. "ಕಾಲೇಜಲ್ಲಿ ಇಂಗ್ಲಿಷ್ ಬರ್ದೆ ಹಿಂದಿನ ಬೆಂಚಲ್ಲಿ ಬಾಯಿ ಮುಚ್ಕೊಂಡು ಕೂತಿದ್ದೋಳು ರೀ ನಾನು. ನನ್ ಮಕ್ಕಳಿಗೆ ಅದು ಬೇಡ ಅನ್ನಿಸ್ತು," ಎನ್ನುತ್ತಾರೆ.

ರಾಮಲಕ್ಷ್ಮಮ್ಮನಿಗೆ ಸಿಟ್ಟು ಬರಲಿಲ್ಲ, ಭಯವಾಯಿತು. "ಮಗೀನ ಸೀಟು ನನ್ ಬಾಯಿಂದ್ಲೇ ಹೋಯ್ತಲ್ಲ ಅಂತ ಕರುಳು ಕಿತ್ತು ಬಂದಂಗಾಯ್ತು ಸಾರ್." ಉಳಿದ ಮಕ್ಕಳ ಸೀಟೂ ಹೋದೀತೆಂದು ಐದು ಮನೆಯಲ್ಲೂ ಬಾಯಿಗೆ ಬೀಗ ಹಾಕಿಕೊಂಡರು! ಕೇಳಿ ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. ಹಲಸೂರಿನ ಮನೆಯವರು ಗಂಟಲುನೋವೆಂದು ತಿಳಿದು ಕಷಾಯ ಕಾಸಿ ಕೊಟ್ಟರಂತೆ. ಮಕ್ಕಳು ಮಾತ್ರ ಎಲ್ಲ ಮನೆಯಲ್ಲೂ ಚಿಟ್ಟನೆ ಚೀರಿದವು.

ಒಂದು ಬೆಳಿಗ್ಗೆ ಶಿಶಿರನ ಅಳು ನಿಲ್ಲಲೇ ಇಲ್ಲ. ಪ್ರಿಯಂವದಾ ಬಚ್ಚಲಿಗೆ ಬಂದು ನೋಡಿದರೆ ಅಜ್ಜಿಯೂ ತುಟಿ ಕಚ್ಚಿಕೊಂಡು ಅಳುತ್ತಿದ್ದಾರೆ. ಪ್ರಿಯಂವದಾ ಒದ್ದೆ ನೆಲದ ಮೇಲೇ ಕೂತರು. "ಮಾತಾಡಿ ಅಮ್ಮಾ. ಇಂಗ್ಲಿಷ್ ನಾನು ಕಲಿಸ್ಕೋತೀನಿ. ಇದನ್ನ ನಾನೆಲ್ಲಿಂದ ತರ್ಲಿ?"

ತನ್ಮಯಿಗೆ ಈಗ ಬೇರೆ ಶಾಲೆಯಲ್ಲಿ ಸೀಟು ಸಿಕ್ಕಿದೆ. ಇಂಗ್ಲಿಷ್ ಪದ್ಯಗಳನ್ನು ಪಟಪಟನೆ ಒಪ್ಪಿಸುತ್ತಾಳೆ. ಆದರೆ ತಮ್ಮನ ಸ್ನಾನ ಮುಗಿಯುವ ಹೊತ್ತಿಗೆ ಬಚ್ಚಲ ಬಾಗಿಲಲ್ಲಿ ಹಾಜರು. ಕೊನೆಯ ಚೊಂಬು ನೀರನ್ನು ಮಗುವಿಗೆ ಸುತ್ತಿ ಚೆಲ್ಲುವಾಗ ಹರಸುವುದು ಪದ್ಧತಿ. ಆ ಹರಕೆ ಈಗ ಅವಳ ಪಾಲಿಗೆ. "ಕಲ್ಲಾಗಿ ಗಟ್ಟಿಯಾಗು, ಬಳ್ಳಿಯಾಗಿ ಹಬ್ಬು, ಕೆಟ್ಟ ಕಣ್ಣು ನೀರಲ್ಲಿ ಹೋಗ್ಲಿ!"

ರಾಮಲಕ್ಷ್ಮಮ್ಮ ಮಗುವನ್ನು ಟವೆಲಿನಲ್ಲಿ ಸುತ್ತುತ್ತಾ ಅವಳನ್ನೇ ನೋಡುತ್ತಾರೆ. "ಇವಳು ಹೆತ್ತ ಮಗೀಗೂ ನಾನೇ ನೀರು ಹಾಕ್ಬೇಕು ಅಂತ ಆಸೆ ಐತೆ. ಅಲ್ಲೀಗಂಟ ನಾನೆಲ್ಲಿರ್ತೀನಿ ಬುಡಿ. ಹಾಕೋ ಕೈ ಯಾರದ್ದಾದ್ರೂ ಆಗ್ಲಿ, ಮಾತು ಇವಳತ್ರ ಐತಲ್ಲ."