ಅಡ್ಡ ಬಾಟಲಿ, ನಿಂತ ಬಾಟಲಿ

“ಅಕ್ಕಾರ, ನಾ ನಿಂತ ಬಾಟ್ಲಿಗೇ ಶಿಕ್ಕಾ ಒತ್ತಿ ಬಂದೇನ್ರಿ,” ಎಂದರು ಶಾಂತವ್ವ, ಮತಗಟ್ಟೆಯಿಂದ ಹೊರಗೆ ಬರುತ್ತಲೇ ನನ್ನ ಕೈ ಹಿಡಿದು.

ನನಗೆ ಮೈಯೆಲ್ಲ ಉರಿಯಿತು. ಪುಣೆಯ ಯೆರವಡಾದ ನಮ್ಮ ವಾರ್ಡಿನಲ್ಲಿ ಬಾರ್ ಇರಬೇಕೋ ಬೇಡವೋ ಎಂದು ಹೆಂಗಸರೇ ತೀರ್ಮಾನಿಸುವ ಮತದಾನವದು. ಚೀಟಿಯಲ್ಲಿ ಎರಡೇ ಚಿತ್ರ: ಅಡ್ಡ ಬಿದ್ದ ಬಾಟಲಿಗೆ ಒತ್ತಿದರೆ ಬಾರ್ ಬಂದ್, ನಿಂತ ಬಾಟಲಿಗೆ ಒತ್ತಿದರೆ ಚಾಲೂ. ಈ ಮತದಾನ ನಡೆಯಲೆಂದು ನನ್ನ ಜೊತೆ ಮನೆಮನೆ ತಿರುಗಿ ಸಹಿ ಹಾಕಿಸಿದವರೇ ಶಾಂತವ್ವ. ಅಡ್ಡ ಬಾಟಲಿಗೇ ಒತ್ತಿರೆಂದು ಮರಾಠಿಯಲ್ಲಿ “ಆಡವೀ ಬಾಟಲೀ” ಎಂದು ಕೂಗಿ ಕೂಗಿ ಅವರ ದನಿ ಒಡೆದಿತ್ತು.

“ಎಲ್ಲಾರಿಗೂ ಹೇಳಿ ನೀವ ಹಿಂಗ ಮಾಡಿದ್ರ ಹೆಂಗ್ರಿ?” ಎಂದೆ.

“ಈ ಬಾರ್ ಇರದಾಗ ನನ್ನ ದೊಡ್ಡ ಮಗ ಕುಡಿಯಾಕ ಹೈವೇ ದಾಟಿ ಹೋಗ್ತಿದ್ದ. ಒಂದಿನ ಬರಬೇಕಾದ್ರ ಲಾರಿ ಬಡೀತು. ಚೀಟ್ಯಾಗ ಆ ಅಡ್ಡ ಬಾಟ್ಲಿ ನೋಡಿದ ಕೂಡ್ಲೆ ಅಂವ ರಸ್ತಾದಾಗ ಬಿದ್ದಿದ್ದು ಕಣ್ಣಿಗೆ ಕಟ್ಟಿತ್ರಿ. ಈಗ ಸಣ್ಣಾವನೂ ಕುಡೀತಾನ. ಬಾರ್ ಇಲ್ಲೇ ಇದ್ರ ರಟ್ಟಿ ಹಿಡಿದು ಮನಿಗೆ ಕರ್ಕೊಂಡರ ಬರ್ತೇನಿ.”

ಹಿಡಿದ ಅವರ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ.

ಎಷ್ಟೋ ಹೆಂಗಸರು ಮತಗಟ್ಟೆಗೇ ಬರಲಿಲ್ಲ. ಪಟ್ಟಿಯಲ್ಲಿದ್ದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒತ್ತಿದರಷ್ಟೇ ಬಂದ್; ಅಡ್ಡ ಬಾಟಲಿಗೆ ಅಷ್ಟು ಮತ ಬೀಳಲಿಲ್ಲ. ಬಾರ್ ಇಂದಿಗೂ ತೆರೆದಿದೆ. ಸಂಜೆ ನಾನು ಕೆಲಸದಿಂದ ಮರಳುವಾಗ ಶಾಂತವ್ವ ಬಾರಿನ ಎದುರಿನ ಕಟ್ಟೆಯ ಮೇಲೆ ಅದರ ಬಾಗಿಲನ್ನೇ ನೋಡುತ್ತ ಕೂತಿರುತ್ತಾರೆ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಸಣ್ಣ ಮಗ ಹೊರಬಂದರೆ ಒಂದು ರಟ್ಟೆ ಅವರು ಹಿಡಿಯುತ್ತಾರೆ, ಇನ್ನೊಂದು ನಾನು.