ಎಂಜಿನ್ ಕೋಣೆಯವನು ಏನಂದ

ಪಕ್ಕದ ಮನೆಯ ಲೈನ್‌ಮನ್ ಮಾವನ ಬಲಗೈ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ, ಎಲ್ಲ ಕಿಡಿಗೆ ಸುಟ್ಟುಹೋಗಿತ್ತು. ಕರೆಂಟಿನ ತಂತಿಯನ್ನು ಅಂಗೈಯಿಂದ ಮುಟ್ಟಿದರೆ ಬೆರಳು ಹಿಡಿದುಕೊಂಡುಬಿಡುತ್ತದೆ, ಹಿಂಬದಿಯಿಂದ ಮುಟ್ಟಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ ಎನ್ನುತ್ತಿದ್ದರು. ಅದೇ ರೂಢಿಯಾಗಿ ಕಾಫಿ ಲೋಟ, ನಮ್ಮ ಬಾಗಿಲ ಚಿಲಕ, ಜ್ವರ ಬಂದ ನನ್ನ ಹಣೆ, ಎಲ್ಲಕ್ಕೂ ಕೈಯ ಹಿಂಬದಿಯೇ.

ತಿ. ನರಸೀಪುರದ ನಮ್ಮ ಬೀದಿಗೆ ಆಗ ಇದ್ದದ್ದು ನಮ್ಮನೆಯ ಟೀವಿಯೊಂದೇ. ತೊಂಬತ್ತರ ದಶಕದ ಭಾನುವಾರಗಳಲ್ಲಿ ಮಾವ ಕಂಬ ಹತ್ತುವ ಸೊಂಟದ ಬೆಲ್ಟನ್ನು ಕಿಟಕಿಗೆ ನೇತುಹಾಕಿ, ಆಕಾಶನೌಕೆಯ ಹಿಂದಿ ಧಾರಾವಾಹಿಗೆ ಕೂರುತ್ತಿದ್ದರು. ಅವರಿಗೆ ಹಿಂದಿ ಬಾರದು. ಹೈಸ್ಕೂಲಿನ ಹಿಂದಿ ಇಟ್ಟುಕೊಂಡು ನಾನೇ ದುಭಾಷಿ, ದೊಡ್ಡ ಜಂಬ ಬೇರೆ. ಕಪ್ತಾನನಾಗಲೀ ಶತ್ರುಗಳಾಗಲೀ ಮಾವನಿಗೆ ಬೇಕಿರಲಿಲ್ಲ. ಮೈಯೆಲ್ಲ ಮಸಿಯಾಗಿ ಎಂಜಿನ್ ಕೋಣೆಯಲ್ಲಿ ದುಡಿಯುವ ಮುದುಕ, ವಾರಕ್ಕೆ ಎರಡು ಮಾತಾಡಿದರೆ ಹೆಚ್ಚು, ಅವನೊಬ್ಬ ಬಂದರೆ ಸಾಕು.

"ದೀಪ ಉರಿಯೋಗಂಟ ಅವನ್ನ ಯಾರೂ ಕೇಳಕಿಲ್ಲ ಕೂಸೇ. ಆರೋದ್ರೆ ಬಯ್ಯಕೆ ಎಲ್ರೂ ಬತ್ತಾರೆ," ಎನ್ನುತ್ತಿದ್ದರು.

ಕೊನೆಯ ಕಂತಿನಲ್ಲಿ ಕಪ್ತಾನ ಆ ಮುದುಕನಿಗೆ, ನಿನಗೂ ವಯಸ್ಸಾಯಿತು, ಮೇಲೆ ಬಂದು ಕುರ್ಚಿಯಲ್ಲಿ ಕೂತು ಕೆಲಸ ಮಾಡು ಎಂದ. ಅಷ್ಟನ್ನು ಮಾವನಿಗೆ ಹೇಳಿದೆ. ಮುದುಕ ಒಪ್ಪಿಕೊಂಡ. ಅಲ್ಲಿಗೆ ಧಾರಾವಾಹಿ ಮುಗಿಯಿತು.

"ಏನಂದ ಕೂಸೇ? ಓಯ್ತಾನಂತಾ?" ಮಾವ ಮುಂದಕ್ಕೆ ಬಾಗಿ ಕೇಳಿದರು.

ಅವರಿಗೆ ಬೇಜಾರಾದೀತು ಅನ್ನಿಸಿತು. ನನ್ನ ಹಾಳು ಬಾಯಿ. "ಬರಲ್ಲ ಅಂದ ಮಾವ. ನಾನಿಲ್ದಿದ್ರೆ ಎಂಜಿನ್ ನೋಡೋರ್ಯಾರು ಅಂದ," ಎಂದುಬಿಟ್ಟೆ.

"ಸರಿಯಾಗೇ ಅಂದವ್ನೆ," ಎಂದು ಬೆಲ್ಟು ಎತ್ತಿಕೊಂಡು ಹೋದರು.

ಆ ವಾರವೇ ಅವರಿಗೆ ಬಡ್ತಿಯ ಕಾಗದ ಬಂದಿತ್ತಂತೆ. ನಂಜನಗೂಡಿನಲ್ಲಿ ಕುರ್ಚಿಯ ಕೆಲಸ, ಇನ್ನು ಕಂಬ ಹತ್ತುವಂತಿಲ್ಲ. ಧಾರಾವಾಹಿ ಮುಗಿದ ಮಾರನೆಯ ದಿನವೇ ಬೇಡವೆಂದು ಬರೆದುಕೊಟ್ಟಿದ್ದರು. ನನಗಿದು ತಿಳಿದದ್ದು ಮೂರು ವರ್ಷದ ಮೇಲೆ, ಬನ್ನೂರು ರಸ್ತೆಯ ಕಂಬದಿಂದ ಅವರು ಬಿದ್ದಾಗ. ಆಸ್ಪತ್ರೆಯ ಹೊರಗೆ ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಹೇಳಿಕೊಂಡು ಅತ್ತರು. "ಆ ಟೀವಿಯೋನೇ ಒಲ್ಲೆ ಅಂದವ್ನೆ, ನಾನ್ಯಾಕೆ ಓಗ್ಲಿ ಅಂದ್ರು ಕಣವ್ವ. ಎಷ್ಟು ಏಳುದ್ರೂ ಕೇಳ್ನಿಲ್ಲ."

ನಿಜ ಹೇಳಿಯೇ ಬಿಡಬೇಕೆಂದು ಒಳಗೆ ಹೋದೆ. ಮಾವ ಕಣ್ಣು ತೆರೆದು, ಕೈಯ ಹಿಂಬದಿಯಿಂದ ನನ್ನ ಕೆನ್ನೆ ಒರೆಸಿದರು.

"ಅಳ್ಬ್ಯಾಡ ಕೂಸೇ. ಅವ್ನೂ ಕೊನೆಗಂಟ ಅಲ್ಲೇ ಇದ್ನಲ್ಲ."

"ಹೂಂ ಮಾವ," ಎಂದೆ.

ಮರುದಿನ ತೀರಿಕೊಂಡರು. ಅತ್ತೆ ಈಗಲೂ ನೆನೆದಾಗೆಲ್ಲ ಆ ಟೀವಿಯವನಿಗೆ ಶಾಪ ಹಾಕುತ್ತಾರೆ. ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ.