ಪ್ಲಗ್ಗಿನ ಮೇಲಿನ ನೀಲಿ ಚುಕ್ಕೆ

ವೈನಿ, ಅವತ್ತು ಕೂಲರ್ ಮುಟ್ಟಿ ನೀವು ಬಿದ್ದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನಿಂದ. ನನಗೆ ಅದು ಅವತ್ತೇ ಗೊತ್ತಿತ್ತು — ನೀವಿನ್ನೂ ನೆಲದಿಂದ ಎದ್ದಿರಲಿಲ್ಲ, ಆಗಲೇ ಗೊತ್ತಿತ್ತು. ಇಷ್ಟು ವರ್ಷ ಹೇಳಲಿಲ್ಲ.

ಎಲ್ಲಿಂದ ಶುರು ಮಾಡಲಿ... ಆ ಬೇಸಿಗೆಯಲ್ಲಿ ಅಣ್ಣ ಭಾಲ್ಕಿಯ ಮನೆಗೆ ತಗಡಿನ ದೊಡ್ಡ ಕೂಲರ್ ತಂದಿದ್ದ. ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ರಜೆಗೆ ಬಂದಿದ್ದೆ. ಕೂಲರಿನ ಪ್ಲಗ್ಗಿಗೆ ಮೂರು ಪಿನ್ನು, ಕಿಟಕಿ ಪಕ್ಕದ ಹಳೆಯ ಬೋರ್ಡಿಗೆ ಎರಡೇ ತೂತು. ಬಜಾರಿನಿಂದ ವೈರಿಂಗ್ ಮಾಡುವವನನ್ನು ಕರೆತರಲು ಅಣ್ಣ ಚಪ್ಪಲಿ ಮೆಟ್ಟಿ ಹೊರಟಿದ್ದ.

"ಮನ್ಯಾಗ ಸೈನ್ಸ್ ಮಾಸ್ತರ ಇದ್ದೇನಿ, ಹೊರಗಿನವರು ಯಾಕ ಬೇಕು?" ಎಂದೆ ನಾನು.

ಆ ಪ್ಲಗ್ ಕತ್ತರಿಸಿ ಎರಡು ಪಿನ್ನಿನದು ಹಾಕಿದೆ. ಉಳಿದ ಹಸಿರು ವೈರನ್ನು ಮಡಚಿ ಟೇಪು ಸುತ್ತಿಬಿಟ್ಟೆ. ಅದು ಅರ್ಥಿಂಗ್ ವೈರು — ತಗಡಿಗೆ ಕರೆಂಟ್ ಇಳಿದರೆ ಅದನ್ನು ಮನುಷ್ಯನ ಮೈಗೆ ಬಿಡದೆ ಭೂಮಿಗೆ ಒಯ್ಯುವಂಥದ್ದು. ಪ್ರತಿ ವರ್ಷ ಕ್ಲಾಸಿನ ಬೋರ್ಡಿನ ಮೇಲೆ ಹಸಿರು ಚಾಕ್‌ಪೀಸಿನಲ್ಲಿ ಅದನ್ನು ಬರೆದು, ಅಡಿಗೆರೆ ಎಳೆದು, ಇದನ್ನು ಎಂದೂ ಬಿಡಬಾರದು ಎಂದು ಮಕ್ಕಳ ಕಿವಿ ಹಿಂಡಿ ಹೇಳುತ್ತಿದ್ದವನು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಕೂಲರ್ ತಿರುಗಿತು. "ನಮ್ಮ ತಮ್ಮಗ ಬರಲಾರದ್ದು ಏನದರಿ?" ಎಂದು ನೀವು ಓಣಿಯ ಹೆಂಗಸರಿಗೆಲ್ಲ ಹೇಳಿ ಬಂದಿರಿ. ಮೈದುನ ಎಂದು ನೀವು ಎಂದೂ ಕರೆದವರಲ್ಲ. ನೀವು ಅಣ್ಣನ ಹೆಂಡತಿಯಾಗಿ ಈ ಮನೆಗೆ ಬಂದಾಗ ನಾನಿನ್ನೂ ಚಡ್ಡಿ ಹಾಕುವ ಹುಡುಗ, ಅಂದಿನಿಂದ ತಮ್ಮನೇ.

ಸಂಜೆ ತಗಡು ಮುಟ್ಟಿದಾಗ ಬೆರಳು ಜುಂ ಎಂದಿತು. ಟೆಸ್ಟರ್ ಇಟ್ಟು ನೋಡಿದೆ, ಕೆಂಪಗೆ ಹೊತ್ತಿತು. ಪ್ಲಗ್ ಕಿತ್ತು, ತಲೆಕೆಳಗು ಮಾಡಿ ಹಾಕಿದೆ. ಟೆಸ್ಟರ್ ಆರಿತು. ಅದು ದುರಸ್ತಿಯಲ್ಲ, ದೋಷ ಒಳಗೇ ಇತ್ತು, ಅದೂ ಗೊತ್ತಿತ್ತು — ಆದರೂ ಸುಮ್ಮನಾದೆ. ಗುರುತಿಗೆಂದು ಪ್ಲಗ್ಗಿನ ಮೇಲ್ಬದಿಗೆ ಪೆನ್ನಿನಿಂದ ಒಂದು ನೀಲಿ ಚುಕ್ಕೆ ಇಟ್ಟೆ. ಚುಕ್ಕೆ ಮೇಲಿದ್ದರೆ ಕರೆಂಟ್ ಹೊಡೆಯುವುದಿಲ್ಲ ಎಂದು ಲೆಕ್ಕ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಾಸ್ತರನ ಕೆಲಸ ಕೆಟ್ಟಿದೆ ಎಂದು ಒಪ್ಪಬೇಕಾಗುತ್ತಿತ್ತು.

ಮರುದಿನ ಅಣ್ಣ ತನ್ನ ಫೋನ್ ಚಾರ್ಜಿಗೆ ಹಾಕಲು ಹೇಳಿದ. ನೀವು ಕೂಲರಿನ ಪ್ಲಗ್ ತೆಗೆದು ಫೋನಿನದು ಹಾಕಿದಿರಿ. ಆಮೇಲೆ ಕೂಲರಿನದನ್ನು ಮತ್ತೆ ಸಿಕ್ಕಿಸಿದಿರಿ. ಯಾವ ಬದಿ ಮೇಲೆ ಎಂದು ಯಾರು ನೋಡುತ್ತಾರೆ? ಆಮೇಲೆ ನೀರು ಹಾಕಲು ಬಕೆಟ್ ತಂದಿರಿ. ನೀರು ಹಾಕುವ ಮುಂಚೆ ಪ್ಲಗ್ ತೆಗೆಯಬೇಕು — ಅದನ್ನಾದರೂ ಹೇಳಿದ್ದೆನೇ? ಮನೆಯೊಳಗೆ ಚಪ್ಪಲಿ ಹಾಕುವ ರೂಢಿ ನಮ್ಮಲ್ಲಿಲ್ಲ. ಶಹಾಬಾದಿ ಕಲ್ಲಿನ ನೆಲ, ಚೆಲ್ಲಿದ ನೀರು, ನಿಮ್ಮ ಬರಿಗಾಲು... ಕೂಗು ಕೂಡ ಪೂರ್ತಿ ಹೊರಬರಲಿಲ್ಲ. ಕೈ ತಗಡಿಗೇ ಅಂಟಿಕೊಂಡುಬಿಟ್ಟಿತ್ತು.

ಓಡಿ ಹೋಗಿ ಪ್ಲಗ್ ಕಿತ್ತೆ. ಕೀಳುವಾಗಲೇ ಕಂಡಿತು — ಮೇಲ್ಬದಿ ಖಾಲಿ, ಚುಕ್ಕೆ ಕೆಳಗೆ.

ಅಣ್ಣ ಗಾಬರಿಯಲ್ಲಿ ನಿಮ್ಮನ್ನೇ ಬೈದ. "ಹಸಿ ಕೈಲೆ ಮುಟ್ಟಿದ್ರ ಕರೆಂಟ್ ಬಿಡ್ತದೇನು? ಅಕಲ್ ಬ್ಯಾಡೇನು?" ನೀವು ಕಣ್ಣು ತೆರೆದು ನೋಡಿದ್ದು ಅವನ ಕಡೆಗಲ್ಲ, ನನ್ನ ಕಡೆಗೆ. "ಹೌದೇನೋ ತಮ್ಮಾ? ನನ್ನ ಕೈ ಹಸಿ ಇತ್ತೇನು?"

"ಹೌದ್ರಿ ವೈನಿ. ಹಸಿ ಇತ್ತು."

ಇಷ್ಟೇ ನಾನಂದದ್ದು. ಕೈ ಹಸಿ ಇದ್ದದ್ದು ನಿಜ, ಅದಕ್ಕೇ ಆ ಮಾತು ನನಗೆ ಅಷ್ಟು ಸಲೀಸಾಗಿ ಬಂತು. ನೀವು ಬೀದರಿನ ಆಸ್ಪತ್ರೆಯಲ್ಲಿದ್ದಾಗ ಆ ಪ್ಲಗ್ಗನ್ನು ಕತ್ತರಿಸಿ ತಿಪ್ಪೆಗೆ ಎಸೆದೆ.

ಅಂಗೈಯ ಗಾಯ ಮಾಯಿತು. ಒಂದು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅಂದಿನಿಂದ ನೀವು ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಮನೆಯ ಮಕ್ಕಳು ನಿಮ್ಮನ್ನು ಆಡಿಕೊಂಡು ನಕ್ಕಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗಾಗಬಾರದೆಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅದಕ್ಕೂ ನನಗೆ ನಾಚಿಕೆಯಿದೆ.

ಕಳೆದ ತಿಂಗಳು, ನಾನೀಗ ಇರುವ ಬೀದರಿನಿಂದ ಹೇಳದೆ ಕೇಳದೆ ಬಸ್ಸು ಹತ್ತಿ ಬಂದೆನಲ್ಲ. ಸುಡುವ ಮಧ್ಯಾಹ್ನ, ಮನೆಯಲ್ಲಿ ನೀವೊಬ್ಬರೇ. ನಿಂತ ಫ್ಯಾನಿನ ಕೆಳಗೆ ಬೀಸಣಿಗೆ ಹಿಡಿದು, ಬೆವೆತು ಕೂತಿದ್ದಿರಿ.

"ಫ್ಯಾನ್ ಯಾಕ ಹಾಕಿಲ್ರಿ ವೈನಿ?"

"ಸಂಜೀಕ ಯಾರರೆ ಬಂದು ಹಾಕ್ತಾರ ಬಿಡು. ಒಮ್ಮಿ ತಪ್ಪು ಮಾಡಿದ ಕೈ ಇದು."

ನಾನು ಸ್ವಿಚ್ಚಿನ ಕಡೆ ಹೋದೆ. ನೀವು ಧಡಕ್ಕನೆ ಎದ್ದು ಬಂದು ನನ್ನ ಕೈ ಹಿಡಿದಿರಿ. "ನಿಂದ್ರು ತಮ್ಮಾ, ಕೈ ಒರಸಿಕೊಂಡಿ ಇಲ್ಲೋ?" ನನ್ನ ಕೈ ಒಣಗಿಯೇ ಇತ್ತು. ಆದರೂ ಬೆರಳು ಪೂರ್ತಿ ಮಡಚದ ಆ ಕೈಯಿಂದಲೇ ಸೆರಗು ಹಿಡಿದು ನನ್ನ ಅಂಗೈ ಒರೆಸಿದಿರಿ — ಬೆರಳ ಸಂದಿಯನ್ನೂ ಬಿಡದೆ. ಆಗ ಹೇಳಬೇಕಿತ್ತು. ನೀರು ಕೊಡ್ರಿ ಎಂದುಬಿಟ್ಟೆ.

ಈ ಭಾನುವಾರ ಬರುತ್ತೇನೆ. ಬೈದ ಅಣ್ಣನೆದುರು, ನಕ್ಕ ಮಕ್ಕಳೆದುರು ಚುಕ್ಕೆಯ ಸಂಗತಿ ಹೇಳುತ್ತೇನೆ. ಮನೆಯ ಅರ್ಥಿಂಗ್ ನೋಡಿಸಲು, ಕರೆಂಟ್ ಸೋರಿದರೆ ತಾನಾಗಿ ಆರುವ ಸ್ವಿಚ್ಚು ಕೂಡಿಸಲು ಕೆಲಸ ಬಲ್ಲವನನ್ನು ಜೊತೆಗೆ ಕರೆತರುತ್ತೇನೆ. ನಾನು ಒಂದು ಸ್ಕ್ರೂ ಕೂಡ ಮುಟ್ಟುವುದಿಲ್ಲ. ಕ್ಷಮಿಸಿ ಎಂದು ಕೇಳಲಾರೆ. ಕೇಳಿದರೆ ನೀವು ತಕ್ಷಣ ಕೊಟ್ಟುಬಿಡುತ್ತೀರಿ, ನಿಮ್ಮನ್ನು ನಾನು ಬಲ್ಲೆ.

ಎಲ್ಲ ಮುಗಿದ ಮೇಲೆ ಫ್ಯಾನ್ ಮಾತ್ರ ನಾನು ಹಾಕುವುದಿಲ್ಲ, ಯಾರಿಗೂ ಹಾಕಗೊಡುವುದಿಲ್ಲ. ನಿಮ್ಮ ಕೈಗೆ ಧೈರ್ಯ ಬಂದಾಗ ನೀವೇ ಹಾಕಿ ವೈನಿ. ಅಲ್ಲಿಯವರೆಗೆ ನಾನೂ ನಿಮ್ಮ ಪಕ್ಕದಲ್ಲಿ ಆ ಸೆಕೆಯಲ್ಲೇ ಕೂತಿರುತ್ತೇನೆ. ಬೀಸಣಿಗೆ ನನ್ನ ಕೈಗೆ ಕೊಡಿ.